ಬಸ್ಸು ಆಗದವಳು

ಸುಮಾ, ನನಗೆ ಬಸ್ಸಿನಲ್ಲಿ ಯಾವತ್ತೂ ವಾಂತಿಯಾಗಿಲ್ಲ. ತಲೆ ಸುತ್ತಿಲ್ಲ, ಹೊಟ್ಟೆ ತೊಳಸಿಲ್ಲ. ನೀನು ಸಣ್ಣವಳಿದ್ದಾಗಿನಿಂದ ನಿಮ್ಮೆಲ್ಲರೆದುರು ನಾನು ಹೇಳಿಕೊಂಡು ಬಂದ ಆ ಕಾಯಿಲೆ — ಅದು ನನಗೆ ಇರಲೇ ಇಲ್ಲ. ಒಂದು ಸಂಜೆ ನಾನೇ ಅದನ್ನು ಹುಟ್ಟಿಸಿದೆ. ಆಮೇಲೆ ಅದನ್ನು ಸಾಕಿದೆ.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಹೇಳುತ್ತಿದ್ದೀ ಎಂದು ನೀನು ಕೇಳುತ್ತೀ. ಅದಕ್ಕೂ ಬರುತ್ತೇನೆ. ನಾಳೆ ನಿನ್ನ ಮುಂದೆ ಕುಳಿತಾಗ ಮಾತು ಎಲ್ಲಿ ಗಂಟಲಲ್ಲೇ ಉಳಿಯುತ್ತದೋ ಎಂಬ ಭಯ ನನಗೆ. ಅದಕ್ಕೇ ಇವತ್ತು ಈ ಹೊಸಪೇಟೆಯ ಮನೆಯಲ್ಲಿ ಒಬ್ಬಳೇ ಕುಳಿತು, ಮೊದಲಿನಿಂದ ಒಂದೊಂದೇ ಜೋಡಿಸಿಕೊಳ್ಳುತ್ತಿದ್ದೇನೆ.

ಎಮ್ಮಿಗನೂರಿನಲ್ಲಿ ಬೆಳೆದವಳು ನಾನು. ಹೈಸ್ಕೂಲಿಗೆಂದು ದಿನಾ ಕಂಪ್ಲಿಗೆ ಬಸ್ಸಿನಲ್ಲೇ ಹೋಗಿ ಬರುತ್ತಿದ್ದೆ. ಕಬ್ಬಿನ ಗಾಡಿಗಳ ಹಿಂದೆ ತೆವಳುವ ಬಸ್ಸು, ಡೀಸೆಲ್ ಹೊಗೆ, ಕಾಲಡಿ ಯಾರದೋ ಮೀನಿನ ಬುಟ್ಟಿ — ಅದರ ನಡುವೆ ನಾನು ಇಂಜಿನ್ನಿನ ಪಕ್ಕ ಕುಳಿತು ಪಾಠ ಓದಿಕೊಳ್ಳುತ್ತಿದ್ದೆ. ಕಿಟಕಿಯ ಸೀಟಿಗಾಗಿ ಗೆಳತಿಯರೊಡನೆ ಜಗಳವಾಡುತ್ತಿದ್ದೆ. ಹೊರಗೆ ಗದ್ದೆಗಳು ಹಿಂದಕ್ಕೆ ಓಡುವುದನ್ನು ನೋಡುವುದೆಂದರೆ ನನಗೆ ಅಷ್ಟು ಆಸೆ. ಅಂಥವಳು ನಿಮ್ಮ ಕಣ್ಣಿಗೆ ಬಸ್ಸಿನ ಹೆಸರು ಕೇಳಿದರೇ ನಡುಗುವ ಹೆಂಗಸಾಗಿ ಬದುಕಿದೆ.

ನಿನಗೆ ನೆನಪಿದೆಯೋ ಇಲ್ಲವೋ, ಮೊದಲು ನಮಗೆ ಪ್ರವಾಸವೆಂದರೆ ಖರ್ಚಿನ ಮಾತೇ ಆಗಿರಲಿಲ್ಲ. ನಿಮ್ಮಪ್ಪ ಸಂಡೂರಿನ ಕಡೆಯ ಒಂದು ಗಣಿಯ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ಅವರಿಗೆ ರಜೆ ಸಿಕ್ಕ ದಿನ ನಾನು ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡಿ, ಮೊಸರನ್ನ ಕಲಸಿ ಡಬ್ಬಿಗೆ ತುಂಬುತ್ತಿದ್ದೆ. ಬಸ್ಸು ಹತ್ತಿ ಹಂಪಿಗೆ ಹೋದರೆ ಮುಗಿಯಿತು. ನೀನು, ನಿನ್ನ ತಮ್ಮ ಮಂಜು ಬಂಡೆಗಳ ಮೇಲೆ ಏರಿ ಜಾರುತ್ತಿದ್ದಿರಿ. ಅಪ್ಪ ಹೊಳೆದಂಡೆಯಲ್ಲಿ ಟವೆಲ್ ಹಾಸಿ ಮಲಗುತ್ತಿದ್ದರು. ಒಮ್ಮೆ ಕಮಲಾಪುರದಲ್ಲಿ ಬಸ್ಸು ಕೆಟ್ಟು, ಬಾಳೆತೋಟದ ಪಕ್ಕ ನಡೆದುಕೊಂಡೇ ಹೋಗಿದ್ದೆವು. ಒಂದು ಮಳೆಗಾಲದಲ್ಲಿ ಸಂಡೂರಿನ ಬೆಟ್ಟ ನೋಡಲು ಹೋಗಿ ಪೂರ್ತಿ ನೆನೆದು ಬಂದಿದ್ದೆವು. ಆ ದಿನಗಳಲ್ಲಿ ನಾನಿದ್ದೆ. ನಿಮ್ಮ ಜೊತೆ ಬಸ್ಸಿನಲ್ಲಿ ನಾನೂ ಇದ್ದೆ.

ಆಮೇಲೆ ಊರು ಬದಲಾಯಿತು. ಅದಿರಿನ ದುಡ್ಡು ಕೆಲವರ ಮನೆಗೆ ಬಂತು. ನಮ್ಮ ಮನೆಗೆ ಬರಲಿಲ್ಲ, ಆದರೆ ಅದರ ಸುದ್ದಿ ಬಂತು. ನಿನ್ನ ಕ್ಲಾಸಿನ ಹುಡುಗಿಯರು ಬೇಸಿಗೆ ಮುಗಿಸಿಕೊಂಡು ಊಟಿಯ ಸ್ವೆಟರು, ಗೋವಾದ ಟೋಪಿ ಹಾಕಿಕೊಂಡು ಬರತೊಡಗಿದರು. ಹಂಪಿಗೆ ಹೋಗಿದ್ದೆವು ಎಂದು ನೀನು ಹೇಳಿದ್ದಕ್ಕೆ ಒಬ್ಬಳು ನಕ್ಕಳಂತೆ — ‘ಅದೇನ್ ಟೂರಾ? ನಮ್ಮಪ್ಪ ದಿನಾ ಹೋಗ್ತಾನ ಅಲ್ಲಿಗೆ.’ ಅವತ್ತು ನೀನು ಊಟ ಮಾಡದೆ ಮಲಗಿದೆ.

ಮುಂದಿನ ಬೇಸಿಗೆಗೆ ಅಪ್ಪನ ವರ್ಕ್‌ಶಾಪಿನ ಬಸಣ್ಣ, ನಾಲ್ಕು ಮನೆಯವರು ಸೇರಿ ಒಂದು ಟೆಂಪೊ ಟ್ರಾವೆಲರ್ ಮಾಡಿಕೊಂಡು ಊಟಿಗೆ ಹೋಗೋಣವೆಂದು ಮಾತು ತೆಗೆದ. ಅಪ್ಪ ಹೂಂ ಅಂದರು. ನೀನು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದೆ. ಆದರೆ ಬಸಣ್ಣ ಬಂದಾಗಲೆಲ್ಲ ತಲೆಗಿಷ್ಟು ಎಂಬ ಮಾತು ಮೇಲಕ್ಕೇ ಹೋಗುತ್ತಿತ್ತು. ಡೀಸೆಲ್ ಏರಿದೆ ಎಂದ. ಊಟಿಯಲ್ಲಿ ಸೀಸನ್, ರೂಮಿನವರು ಒಂದಕ್ಕೆ ಎರಡು ಹೇಳುತ್ತಿದ್ದಾರೆ ಎಂದ. ಮಕ್ಕಳಿಗೆ ಅರ್ಧ ಎಂದಿದ್ದವನು, ಸೀಟು ಹಿಡಿಯುತ್ತಾರಲ್ಲ, ಪೂರ್ತಿ ಕೊಡಬೇಕು ಎಂದ. ಅಪ್ಪ ಪ್ರತಿ ಸಲ ‘ಆಗ್ಲಿ, ಆಗ್ಲಿ’ ಎನ್ನುತ್ತಿದ್ದರು. ಅವನು ಹೋದ ಮೇಲೆ ಗೋಡೆ ನೋಡುತ್ತ ಕೂರುತ್ತಿದ್ದರು.

ಕೊನೆಗೊಂದು ಸಂಜೆ, ನೀವಿಬ್ಬರೂ ಹೊರಗೆ ಆಡುತ್ತಿದ್ದಾಗ, ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

‘ಈ ವರ್ಷ ಬ್ಯಾಡ ಬಿಡು. ಮುಂದಿನ ವರ್ಷ ನೋಡೂಣು. ಸುಮಾಗ ನೀನ ಹೇಳು. ನನ್ನ ಕೈಲಿ ಆಗಂಗಿಲ್ಲ.’

ಆ ಮುಖ ಇನ್ನೂ ನನ್ನ ಕಣ್ಣಲ್ಲಿದೆ. ಮಗಳಿಗೆ ಇಲ್ಲ ಎನ್ನಲಾರದ ಅಪ್ಪ... ನಾನು ರೊಟ್ಟಿ ತಟ್ಟುತ್ತಿದ್ದೆ. ತಲೆ ಎತ್ತದೆಯೇ ಹೇಳಿಬಿಟ್ಟೆ —

‘ನೀವು ಮೂರು ಮಂದಿ ಹೋಗ್ರಿ. ನನಗ ಹೆಂಗೂ ಬಸ್ಸು ಆಗಂಗಿಲ್ಲ.’

‘ನಿನಗ? ಯಾವಾಗಿಂದ?’

‘ಮೊದ್ಲಿಂದಾನೂ. ನಿಮ್ಮ ಮುಂದ ಹೇಳಿರ್ಲಿಲ್ಲ.’

‘ಮತ್ತ ಅವತ್ತು ಸಂಡೂರಿಗೆ ಬಂದಿದ್ಯಲ್ಲ?’

‘ದಾರಿ ತುಂಬಾ ಸೆರಗಿನಾಗ ನಿಂಬಿಹಣ್ಣು ಹಿಡ್ಕೊಂಡ ಕುಂತಿದ್ನಿ. ನೀವು ನೋಡಿಲ್ಲ.’

ನಿಂಬೆಹಣ್ಣು ಎಲ್ಲಿಂದ ಬಂತೋ ನನ್ನ ಬಾಯಿಗೆ. ಮೊದಲ ಸುಳ್ಳನ್ನು ಖರ್ಚಿನ ಸಲುವಾಗಿ ಹೇಳಿದೆ ಎನ್ನಬಹುದು. ಈ ನಿಂಬೆಹಣ್ಣನ್ನು ಯಾತಕ್ಕೆ ಸೇರಿಸಿದೆ? ಅವರು ನಂಬಲಿ ಎಂದು. ನಂಬಿದರು. ಅವರ ಮುಖದಲ್ಲಿ ಒಂದು ಭಾರ ಇಳಿದದ್ದನ್ನು ನೋಡಿದೆ. ಮರುಗಳಿಗೆಗೇ ಅದನ್ನು ಮುಚ್ಚಿಕೊಂಡು, ‘ಅಷ್ಟು ದಿನ ಯಾಕ ಹೇಳ್ಲಿಲ್ಲ, ಹುಚ್ಚಿ’ ಎಂದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು — ಇದನ್ನು ನಾನು ಬಚ್ಚಿಡಬಾರದು. ಮಕ್ಕಳಿಗಾಗಿ ನನ್ನ ಸೀಟು ಬಿಟ್ಟುಕೊಟ್ಟೆನೆಂಬ ಹೆಮ್ಮೆ. ಅದು ಯಾರಿಗೂ ಗೊತ್ತಿಲ್ಲವೆಂಬ ಇನ್ನೊಂದು ಹೆಮ್ಮೆ.

ನೀವು ಹೊರಟಿರಿ. ನಿನ್ನ ಜಡೆಗೆ ಹೊಸ ರಿಬ್ಬನ್ ಕಟ್ಟಿ, ನನ್ನದೇ ಸ್ವೆಟರನ್ನು ನಿನಗೆ ಅಳತೆ ಕಡಿಮೆ ಮಾಡಿ ಕೊಟ್ಟೆ. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸಿದೆ. ಮೊದಲ ಎರಡು ದಿನ, ನಿಜ ಹೇಳುತ್ತೇನೆ, ಹಾಯೆನಿಸಿತು. ಅಡುಗೆ ಮಾಡಲಿಲ್ಲ. ಮಧ್ಯಾಹ್ನ ಕಾಲು ಚಾಚಿ ಮಲಗಿದೆ. ಮೂರನೆಯ ದಿನ ಮನೆ ದೊಡ್ಡದಾಯಿತು. ಎಮ್ಮಿಗನೂರಿಗೆ ಹೋಗಿ ಅವ್ವನ ಜೊತೆ ಇದ್ದು ಬರೋಣವೆಂದು ಸೀರೆ ಕೂಡ ಉಟ್ಟೆ. ಬಾಗಿಲಿಗೆ ಚಿಲಕ ಹಾಕುವಾಗ ಹೊಳೆಯಿತು — ಬಸ್ಸು ಆಗದವಳು ಬಸ್ಸು ಹತ್ತಿ ತವರಿಗೆ ಹೋಗುವುದು ಹೇಗೆ? ಓಣಿಯವರು ನೋಡಿದರೆ? ಅವರಲ್ಲೊಬ್ಬರು ಅಪ್ಪನಿಗೆ ಹೇಳಿದರೆ? ಸೀರೆ ಬಿಚ್ಚಿ ಮಡಿಸಿಟ್ಟೆ. ಓಣಿಯಲ್ಲಿ ಯಾರ ಮನೆಗೂ ಹೋಗಲಾಗಲಿಲ್ಲ. ಯಾಕೆ ಹೋಗಲಿಲ್ಲ ನೀನು ಎಂದು ಎಲ್ಲರೂ ಕೇಳುತ್ತಿದ್ದರು. ಸಂಜೆ ಹೊತ್ತಿಗೆ ನಾಲ್ಕು ಗೋಡೆಯ ನಡುವೆ ನನ್ನದೇ ಉಸಿರು ಕೇಳಿಸುತ್ತಿತ್ತು.

ಮುಂದಿನದು ನಿನಗೆ ಗೊತ್ತಿರುವುದೇ. ಆದರೂ ನನ್ನ ಬಾಯಿಂದ ಹೇಳಬೇಕು.

ಗಾಡಿ ಬಂದಾಗ ಮಂಜು ಹಾರಿ ಇಳಿದ. ಚಾಕಲೇಟಿನ ಪೊಟ್ಟಣ ತೋರಿಸುತ್ತ ಓಡಿಬಂದ. ನೀನು ಎಲ್ಲರೂ ಇಳಿದ ಮೇಲೆ ಇಳಿದೆ. ಆ ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡಿದ್ದೆ. ನನ್ನ ಮುಖ ನೋಡದೆ ನೇರ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಪ್ಪ ಅಡುಗೆಮನೆಗೆ ಬಂದರು. ಗಂಡಸು, ಹೇಗೆ ಹೇಳಬೇಕೆಂದು ತಿಳಿಯದೆ ನೀರಿನ ಚೊಂಬು ಎತ್ತಿದರು, ಇಟ್ಟರು.

‘ಅಲ್ಲಿ... ಸುಮಾ ದೊಡ್ಡಾಕಿ ಆದ್ಲು. ಹೋದ ಮರುದಿನಾನ. ನನಗ ಏನ್ ಮಾಡ್ಬೇಕಂತ ತಿಳೀಲಿಲ್ಲ.’

ಆಮೇಲೆ ತುಂಡು ತುಂಡಾಗಿ ಹೇಳಿದರು. ಬೆಳಿಗ್ಗೆ ಎಲ್ಲರೂ ಕೆರೆಯಲ್ಲಿ ದೋಣಿ ಹತ್ತಲು ಹೊರಟಾಗ ನೀನು ಹಾಸಿಗೆಯಿಂದ ಏಳಲಿಲ್ಲ. ಜ್ವರವಿರಬೇಕೆಂದು ಹಣೆ ಮುಟ್ಟಿದ್ದಾರೆ. ನೀನು ಗೋಡೆಯ ಕಡೆ ತಿರುಗಿ ‘ಅವ್ವ ಬೇಕು’ ಎಂದಿದ್ದೀ. ಅಷ್ಟೇ. ಏನಾಯಿತು ಎಂದರೆ ಮತ್ತೆ ‘ಅವ್ವ ಬೇಕು’. ಕೊನೆಗೆ ಬಸಣ್ಣನ ಹೆಂಡತಿ ಈರಮ್ಮನನ್ನು ಕರೆದಿದ್ದಾರೆ. ಆಕೆ ಒಳಗೆ ಹೋಗಿ, ಬಟ್ಟೆ ಕೊಟ್ಟು, ಹೊರಗೆ ಬಂದು ಅಪ್ಪನಿಗೆ ತಗ್ಗಿದ ದನಿಯಲ್ಲಿ ಹೇಳಿ, ತನ್ನ ಮಕ್ಕಳು ಕಾಯುತ್ತಿದ್ದಾರೆಂದು ಹೊರಟಿದ್ದಾಳೆ. ಅವಳದೇನು ತಪ್ಪು? ಅವಳೂ ದುಡ್ಡು ಕೊಟ್ಟು ಬಂದವಳು. ಮಂಜು ಅವರ ಜೊತೆ ಹೋದ. ನೀನು ಒಳಗೆ ಬಾಗಿಲು ಹಾಕಿಕೊಂಡೆ. ಅಪ್ಪ ಹೊರಗೆ ಆ ಲಾಡ್ಜಿನ ಕಾರಿಡಾರಿನಲ್ಲಿ, ಬಾಗಿಲಿಗೆ ಬೆನ್ನು ಕೊಟ್ಟು, ಇಡೀ ದಿನ ಕುಳಿತರು. ನೀನು ಅಷ್ಟು ಆಸೆಪಟ್ಟ ಊಟಿ — ಒಂದು ಕಿಟಕಿಯ ಪರದೆ.

ನಾನು ಹೊಸಪೇಟೆಯ ಮನೆಯಲ್ಲಿ ಕಾಲು ಚಾಚಿ ಮಲಗಿದ್ದೆ.

ಅವತ್ತು ನಿನ್ನ ತಲೆಗೆ ನೀರು ಹಾಕುವಾಗ ನೀನು ಒಂದೇ ಮಾತು ಕೇಳಿದೆ. ನಿನ್ನ ಬೆನ್ನು ನನ್ನ ಕಡೆಗಿತ್ತು. ‘ನೀ ಯಾಕ ಬರ್ಲಿಲ್ಲ?’

ಹೇಳಬಹುದಿತ್ತು. ನಿನಗೆ ಅರ್ಥವಾಗುವ ವಯಸ್ಸೇ. ದುಡ್ಡು ಸಾಲಲಿಲ್ಲ ಮಗಾ, ಅದಕ್ಕೇ ಸುಳ್ಳು ಹೇಳಿದೆ ಎಂದಿದ್ದರೆ ನೀನು ಅತ್ತುಬಿಡುತ್ತಿದ್ದೆ, ನಾನೂ ಅಳುತ್ತಿದ್ದೆ, ಮುಗಿಯುತ್ತಿತ್ತು. ನಾನು ಚೊಂಬು ತುಂಬುತ್ತ ಅಂದೆ — ‘ನನಗ ಬಸ್ಸು ಆಗಂಗಿಲ್ಲಲ್ಲವಾ...’

ನೀನು ಮತ್ತೆ ಕೇಳಲಿಲ್ಲ. ಸುಮಾ, ನಾನು ನಿನಗೆ ಮಾಡಿದ ಅನ್ಯಾಯ ಇದು. ಅಡುಗೆಮನೆಯಲ್ಲಿ ಹೇಳಿದ್ದು ಅಲ್ಲ, ಬಚ್ಚಲಲ್ಲಿ ಹೇಳಿದ್ದು. ಮೊದಲನೆಯದರಲ್ಲಿ ನಿಮ್ಮ ಯೋಚನೆ ಇತ್ತು. ಎರಡನೆಯದರಲ್ಲಿ ನನ್ನದು ಮಾತ್ರ. ಮಗಳು ಅಷ್ಟು ದೂರದ ಊರಿನಲ್ಲಿ ಅವ್ವ ಬೇಕು ಎಂದು ಅತ್ತಾಗ, ಬರಬಹುದಾಗಿದ್ದವಳು ಬರಲಿಲ್ಲ ಎಂಬುದು ಹೊರಗೆ ಬರಬಾರದು — ಅಷ್ಟೇ ನನಗೆ ಬೇಕಾಗಿದ್ದು. ನೀನು ದೊಡ್ಡವಳಾದದ್ದಕ್ಕೆ ಆರತಿ ಮಾಡಿದ ದಿನ ಹೆಂಗಸರೆಲ್ಲ ಹಾಡುತ್ತಿದ್ದಾಗ ನೀನು ತಲೆ ತಗ್ಗಿಸಿ ಕುಳಿತಿದ್ದೆ. ನಾಚಿಕೆ ಎಂದರು ಎಲ್ಲರೂ. ನಾನೂ ಹಾಗೇ ಅಂದೆ. ಅಲ್ಲವೆಂದು ನನಗೆ ಗೊತ್ತಿತ್ತು.

ಅಲ್ಲಿಂದ ನಮ್ಮ ಮನೆಯಲ್ಲಿ ಪ್ರವಾಸವೆಂದರೆ ಮೂವರ ಲೆಕ್ಕವಾಯಿತು. ವರ್ಷ ಬಿಟ್ಟು ವರ್ಷ ಎಲ್ಲಿಗಾದರೂ ಹೋಗುತ್ತಿದ್ದಿರಿ. ಪ್ರತಿ ಸಲ ಖರ್ಚು ಹೆಚ್ಚುತ್ತಿತ್ತು, ಪ್ರತಿ ಸಲ ನನ್ನ ಸುಳ್ಳು ಉಪಯೋಗಕ್ಕೆ ಬರುತ್ತಿತ್ತು. ಅಪ್ಪ ವಾಪಸು ಬಂದು, ನೋಡಿದ್ದನ್ನೆಲ್ಲ ಬಿಡದೆ ನನಗೆ ಹೇಳುತ್ತಿದ್ದರು. ಸಮುದ್ರದ ಸದ್ದು ಹೀಗಿರುತ್ತದೆ ಎಂದು ಬಾಯಲ್ಲಿ ಮಾಡಿ ತೋರಿಸುತ್ತಿದ್ದರು, ಪಾಪ. ಮಂಜು ನಡುನಡುವೆ ಸೇರಿಸುತ್ತಿದ್ದ. ನೀನು ಎದ್ದು ಒಳಗೆ ಹೋಗುತ್ತಿದ್ದೆ.

ಆ ಸುಳ್ಳು ಉಳಿಸಿದ್ದಕ್ಕಿಂತ ಕಳೆದದ್ದೇ ಹೆಚ್ಚು. ನಮ್ಮಪ್ಪ ತೀರಿಕೊಂಡ ದಿನ, ನನಗೆ ಬಸ್ಸು ಆಗುವುದಿಲ್ಲವೆಂದು ನಿಮ್ಮಪ್ಪ ಯಾರನ್ನೋ ಬೇಡಿ ಕಾರು ತಂದರು. ಕಾರು ಬರುವ ಹೊತ್ತಿಗೆ ತಡವಾಯಿತು. ಎಮ್ಮಿಗನೂರು ಮುಟ್ಟಿದಾಗ ಮಣ್ಣು ಮಾಡಿ ಜನ ತಿರುಗಿ ಬರುತ್ತಿದ್ದರು. ಕಾರಿಗೆ ಕಾಯುತ್ತಿದ್ದಾಗ ಕಣ್ಣ ಮುಂದೆಯೇ ಆ ಕಡೆಯ ಬಸ್ಸೊಂದು ಹೋಗಿತ್ತು, ನಾನು ಅದನ್ನು ನೋಡುತ್ತ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ನಿನ್ನ ಮದುವೆಯಾಗಿ ನೀನು ಲಿಂಗಸುಗೂರಿಗೆ ಹೋದ ಮೇಲೆ, ವರ್ಷಕ್ಕೊಮ್ಮೆಯೂ ನಾನು ನಿನ್ನ ಮನೆಗೆ ಬರಲಿಲ್ಲ. ‘ಅವ್ವಗ ತ್ರಾಸಾಗ್ತದ, ನಾವ ಬರ್ತೀವಿ ಬಿಡ್ರಿ’ ಎಂದು ನಿನ್ನ ಗಂಡ ಒಳ್ಳೆಯ ಮನಸ್ಸಿನಿಂದ ಹೇಳುತ್ತಿದ್ದ. ಬರುವುದು ಕಡಿಮೆಯಾಗುತ್ತ ಬಂತು. ನಮ್ಮಿಬ್ಬರ ಫೋನಿನ ಮಾತು ಊಟ ಆಯಿತೇ, ಮಳೆ ಬಂತೇ ಎಂಬಲ್ಲಿಗೆ ನಿಂತಿತು.

ಅಪ್ಪ ನಿವೃತ್ತರಾದ ವರ್ಷ ರಾಮೇಶ್ವರಕ್ಕೆ ಹೋಗೋಣವೆಂದರು. ‘ಬಸ್ಸು ಬ್ಯಾಡ, ರೈಲಿನಾಗ ಹೋಗೂಣು. ರೈಲಿನಾಗ ಯಾರಿಗೂ ಏನೂ ಆಗಂಗಿಲ್ಲಂತ’ ಎಂದು, ಯಾರನ್ನೋ ಕೇಳಿಕೊಂಡು ಬಂದು, ಹುಡುಗನ ಹಾಗೆ ಕುಣಿಯುತ್ತ ಹೇಳಿದರು. ಹೋಗಬೇಕೆಂದು ನನಗೂ ಇತ್ತು. ಆದರೆ ಎರಡು ದಿನದ ದಾರಿಯಲ್ಲಿ ನಾನು ಒಮ್ಮೆ ಮರೆತು ಕಿಟಕಿಯ ಹೊರಗೆ ನೋಡಿ ನಕ್ಕರೆ... ಎಲ್ಲ ತಿಳಿದುಹೋಗುತ್ತದಲ್ಲ. ‘ರೈಲೂ ಆಗಂಗಿಲ್ಲ ನನಗ’ ಎಂದುಬಿಟ್ಟೆ. ಅವರು ಒಬ್ಬರೇ ಹೋಗಲಿಲ್ಲ. ಈಗ ಸಂಜೆ ಹೊತ್ತು ಡ್ಯಾಮಿನ ರಸ್ತೆಯ ಕಡೆ ನಡೆದುಹೋಗಿ, ಹೊರ ಊರಿನ ಕಾರುಗಳು ಹಂಪಿಗೆ ಹೋಗುವುದನ್ನು ನೋಡಿಕೊಂಡು ಬರುತ್ತಾರೆ.

ಇನ್ನು ಹೋದ ತಿಂಗಳಿನ ನಿನ್ನ ಫೋನು.

ಬರುವ ರಜೆಗೆ ಮೈದುನನ ಮನೆಯವರೊಡನೆ ಕೇರಳಕ್ಕೆ ಹೊರಡುತ್ತೇವೆ ಎಂದು ನೀನು ಹೇಳಿದೆ. ಮೊದಲು ಹೇಳಿದ ರೇಟಿಗೂ ಈಗಿನದಕ್ಕೂ ಸಂಬಂಧವೇ ಇಲ್ಲ ಎಂದೆ. ರಜೆಯಲ್ಲಿ ರೂಮುಗಳು ಮುಟ್ಟುವ ಹಾಗಿಲ್ಲ, ಮಗಳಿಗೆ ಹತ್ತು ದಾಟಿದ್ದಕ್ಕೆ ದೊಡ್ಡವರ ಚಾರ್ಜೇ ಹಾಕುತ್ತಾರಂತೆ ಎಂದೆ. ಆಮೇಲೆ, ಏನೂ ಅಲ್ಲವೆಂಬಂತೆ —

‘ಅಪ್ಪ, ಮಗಳು ಹೋಗಿ ಬರ್ಲಿ ಬಿಡವ್ವ. ನನಗ ಆ ಘಾಟಿನ ದಾರಿ ಆಗಂಗಿಲ್ಲ, ವಾಂತಿ ಬರ್ತದ. ಇವರು ನಗ್ತಾರ, ಥೇಟ್ ನಿಮ್ಮವ್ವನ ಹಂಗಾ ನೀನು ಅಂತ.’

ನೀನೂ ನಕ್ಕೆ. ಊಟಿಯ ಘಾಟಿನಲ್ಲಿ ಗಾಡಿಯವರೆಲ್ಲ ಒಬ್ಬರಾದ ಮೇಲೊಬ್ಬರು ವಾಂತಿ ಮಾಡುತ್ತಿದ್ದಾಗ, ನೀನೊಬ್ಬಳೇ ಡ್ರೈವರ್ ಪಕ್ಕ ಕುಳಿತು ಹಾಡು ಹೇಳುತ್ತಿದ್ದೆಯೆಂದು ಅಪ್ಪ ಎಷ್ಟು ಸಲ ಹೇಳಿಲ್ಲ. ನಿನಗೆ ಯಾವ ಘಾಟೂ ಏನೂ ಮಾಡುವುದಿಲ್ಲ. ನೀನು ರೊಟ್ಟಿ ತಟ್ಟುತ್ತಲೇ ಆ ಮಾತು ಆಡಿದ್ದೀ ಎಂದು ನನಗೆ ಗೊತ್ತು — ನಾನು ನೋಡಿಲ್ಲ, ಆದರೂ ಗೊತ್ತು. ಮತ್ತೆ ನಿನ್ನ ಮಗಳಿಗೂ ಊಟಿಗೆ ಹೋದಾಗಿನ ನಿನ್ನ ವಯಸ್ಸೇ... ಅಷ್ಟೆಲ್ಲ ತಲೆಯಲ್ಲಿ ಸುತ್ತುತ್ತಿದ್ದರೂ ನಾನು ಫೋನಿನಲ್ಲಿ ಏನೆಂದೆ? ‘ಹೂಂ, ಆರಾಮ ಮನ್ಯಾಗಿರು’ ಎಂದೆ. ಆಗಲೂ.

ಹಲವು ದಿನ ಹೋದ ಮೇಲೆ ಮೊನ್ನೆ ಬೆಳಿಗ್ಗೆ ಅಪ್ಪ ಚಹಾ ಕುಡಿಯುತ್ತಿದ್ದಾಗ ಹೇಳಿದೆ. ನಿನಗಿಂತ ಮೊದಲು ಅವರಿಗೆ ಹೇಳಬೇಕಿತ್ತು. ಎಲ್ಲ ಹೇಳಿದೆ. ಅವರು ಬಸಿಯನ್ನು ಕೆಳಗಿಟ್ಟರು.

‘ನಿಂಬಿಹಣ್ಣು?’

‘ಸುಳ್ಳ.’

‘ರೈಲು?’

‘ಅದೂ ಸುಳ್ಳರಿ.’

ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದರು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಪಾಪಿನಾಯಕನಹಳ್ಳಿಗೆ, ನಿಮ್ಮ ಚಿಕ್ಕಪ್ಪನ ಮನೆಗೆ ಹೋಗಿದ್ದರಂತೆ. ಸಂಜೆ ಬಂದವರು ಒಳಗೆ ಬರದೆ ಕಟ್ಟೆಯ ಮೇಲೆಯೇ ಕುಳಿತು, ರಸ್ತೆ ನೋಡುತ್ತ ಹೇಳಿದರು.

‘ಅವತ್ತು ಆ ಬಾಗಿಲ ಮುಂದ ಕುಂತಾಗ ನಿನಗ ಬೈಲಿಲ್ಲ ನಾ. ನಿನ್ನ ಹೊಟ್ಟಿಗೆ ಬೈದೆ. ಈ ಹಾಳಾದ ಹೊಟ್ಟಿ ಒಂದು ನೆಟ್ಟಗಿದ್ದಿದ್ರ ನನ್ನ ಮಗಳ ಹತ್ರ ಅವರವ್ವ ಇರ್ತಿದ್ಲು ಅಂತ. ಅಷ್ಟು ವರ್ಷ ಅದಕ್ಕ ಬೈಕೊಂಡು ಬಂದೀನಿ.’

ನಾನು ಹೊಸ್ತಿಲಲ್ಲಿ ನಿಂತಿದ್ದೆ. ‘ನಿಮ್ಮ ಕಡಿಗೆ ಅಷ್ಟು ರೊಕ್ಕ ಇರ್ಲಿಲ್ಲ ಅಂತ...’ ಎಂದು ಶುರು ಮಾಡಿದೆ. ಅವರು ಕೈ ಎತ್ತಿದರು. ಸರಿಯೇ. ರೊಕ್ಕ ಇಲ್ಲವೆಂಬುದನ್ನು ಇಬ್ಬರೂ ಕೂಡಿ ಮಕ್ಕಳಿಗೆ ಹೇಳಬಹುದಾಗಿತ್ತು. ಆ ಅವಕಾಶವನ್ನೇ ನಾನು ಅವರಿಗೆ ಕೊಡಲಿಲ್ಲ.

ಅವತ್ತಿನಿಂದ ಬೇಕಾದಷ್ಟೇ ಮಾತು. ಹಾಸಿಗೆ ಪಡಸಾಲೆಯಲ್ಲಿ. ನನಗೆ ದೂರಲು ಏನೂ ಇಲ್ಲ.

ಲಿಂಗಸುಗೂರಿಗೆ ಹೋಗಿ ಸುಮಾಗೆ ಹೇಳಿಬರುತ್ತೇನೆ, ನೀವೂ ಬರ್ರಿ ಎಂದು ಇವತ್ತು ಬೆಳಿಗ್ಗೆ ಕೇಳಿದೆ. ಪಡಸಾಲೆಯ ಹಾಸಿಗೆ ಸುತ್ತುತ್ತ ಅಂದರು —

‘ನೀ ಒಬ್ಬಾಕಿನ ಹೋಗು. ನಾ ನಿನ್ನ ಬಿಟ್ಟು ಹೋಗಿ ಬರ್ತಿದ್ದೆ ನೋಡು, ಹಂಗ.’

ಹೋಗುತ್ತೇನೆ. ನಾಳೆ ನಿನ್ನ ಬಾಗಿಲಿಗೆ ಬಂದಾಗ ನೀನು ಗಾಬರಿಯಿಂದ, ಬಸ್ಸಿನಲ್ಲಿ ಹೇಗೆ ಬಂದೆ ಅವ್ವ ಎಂದು ಕೇಳುತ್ತೀ. ಆಗ ಹೇಳುತ್ತೇನೆ. ನೀನು ಅತ್ತರೆ ಕೇಳುತ್ತೇನೆ, ಬೈದರೆ ಕೇಳುತ್ತೇನೆ. ಒಳಗೆ ಎದ್ದು ಹೋಗಿ ಬಾಗಿಲು ಹಾಕಿಕೊಂಡರೆ, ಹೊರಗೆ ಕುಳಿತಿರುತ್ತೇನೆ. ಕ್ಷಮಿಸು ಎಂದು ಕೇಳಲು ನಾನು ಬರುತ್ತಿಲ್ಲ. ಆ ಕೇರಳದ ಗಾಡಿಯಲ್ಲಿ ನಿನ್ನ ಮಗಳ ಪಕ್ಕ ನೀನು ಕೂರಬೇಕು. ಅಷ್ಟು ಖರ್ಚು ನಿಮ್ಮಿಂದ ಆಗದಿದ್ದರೆ ಆಗುವುದಿಲ್ಲವೆಂದು ಮಗುವಿಗೆ ಹೇಳಿ, ಯಾರೂ ಹೋಗಬೇಡಿ. ಅವಳು ಅಳಲಿ. ನಿನ್ನ ಎದುರಿನಲ್ಲೇ ಅಳಲಿ.